ಶುಕ್ರವಾರ ಎಂಗೇಜ್ ಆಗುವ ಫೋನು

ಅಬ್ಬಿಗೆರೆಯ ಕಲಾವತಿಗೆ ಐವತ್ತೆಂಟು. ಹಳೆಯ ಲ್ಯಾಂಡ್‌ಲೈನು ಇನ್ನೂ ಬಿಡದ ಅಂಗಡಿ, ಆಫೀಸುಗಳಿಗೆ ಸ್ಕೂಟಿಯಲ್ಲಿ ಹೋಗಿ ರಿಪೇರಿ ಮಾಡುತ್ತಾಳೆ. ಕೈ ಸಾವಧಾನ, ಬಾಯಿ ಮಾತ್ರ ಖಾರ.

ಹೋದ ಶುಕ್ರವಾರ ಮಧ್ಯಾಹ್ನ ಯಶವಂತಪುರದ ಲಾರಿ ಆಫೀಸಿನ ಮಾಲೀಕ ವಿರೂಪಾಕ್ಷ ಕರೆಸಿದ. ಅವನ ಲಾರಿಗಳ ಮೇಲೆಲ್ಲ ಬರೆಸಿದ ನಂಬರಿಗೆ ಗಿರಾಕಿಗಳು ಫೋನ್ ಮಾಡಿದರೆ ಎಂಗೇಜ್ ಅಂತೆ. ಗುಮಾಸ್ತೆ ವನಿತಾ ಹರಟೆ ಹೊಡೆಯುತ್ತಾಳೆಂದು ತಾನೇ ತೀರ್ಮಾನಿಸಿ, ನಾಳೆಯಿಂದ ಬರಬೇಡ ಎಂದೂ ಹೇಳಿಬಿಟ್ಟಿದ್ದ. ಕಲಾವತಿಯನ್ನು ಕರೆಸಿದ್ದು ರಿಪೇರಿಗಲ್ಲ, ಫೋನಿಗೆ ಬೀಗ ಹಾಕಿಸಲು.

"ಲೈನೇ ಸತ್ತಿರುತ್ತೆ ಆಂಟಿ. ಹೇಳಿದ್ರೆ ನಂಬಲ್ಲ," ಎಂದಳು ವನಿತಾ. ಅತ್ತು ಕಣ್ಣು ಕೆಂಪಾಗಿತ್ತು.

"ಸಂಜೆ ನಾನೇ ಎತ್ತಿ ನೋಡ್ತೀನಿ ಕಲಾವತಕ್ಕ, ಚೆನ್ನಾಗೇ ಇರುತ್ತೆ," ಎಂದ ವಿರೂಪಾಕ್ಷ.

"ಯಾವ್ ದಿನ ಸಾಯುತ್ತಮ್ಮ?"

"ಶುಕ್ರವಾರಾನೇ ಜಾಸ್ತಿ."

ಕಲಾವತಿ ವನಿತಾಳ ಫೋನು ಕಳಚಿ, ಗೋಡೆಯ ಜ್ಯಾಕಿಗೆ ತಾನು ತಂದ ಟೆಸ್ಟ್ ಫೋನು ಹಾಕಿದಳು. ಆಗಲೂ ಲೈನು ಸತ್ತೇ ಇತ್ತು. ಜ್ಯಾಕಿನಿಂದ ಇನ್ನೊಂದು ವೈರು ಗೋಡೆ ಹತ್ತಿ ದೇವರ ಗೂಡಿಗೆ ಹೋಗಿತ್ತು. ಅಲ್ಲಿತ್ತು ವಿರೂಪಾಕ್ಷನ ಅಪ್ಪನ ಕಾಲದ ಕಪ್ಪು ಡಯಲ್ ಫೋನು. ವ್ಯಾಪಾರ ಕೊಟ್ಟ ಲಕ್ಷ್ಮಿಯೆಂದು ಪ್ರತಿ ಶುಕ್ರವಾರ ಬೆಳಿಗ್ಗೆ ಅವನೇ ಅದಕ್ಕೆ ಪೂಜೆ ಮಾಡುತ್ತಿದ್ದ. ರಿಸೀವರು ದಪ್ಪ ಸೇವಂತಿಗೆ ಹಾರದ ಮೇಲೆ ಕೂತಿತ್ತು, ಅದರಡಿಯ ಗುಂಡಿ ಒತ್ತಿಕೊಂಡಿರಲಿಲ್ಲ. ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಯಾರೋ ಫೋನು ಎತ್ತಿಕೊಂಡೇ ಇದ್ದಾರೆ. ಸಂಜೆ ಹೂವು ಬಾಡಿ ಕುಗ್ಗಿದರೆ ರಿಸೀವರು ಇಳಿದು ಲೈನು ಸರಿ.

ಕಲಾವತಿ ಹಾರ ತೆಗೆದಳು. ಕೆಳಗಿನ ಫೋನಿನಲ್ಲಿ ಡಯಲ್ ಟೋನ್ ಬಂತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಲೈನ್ ಹಿಡ್ಕೊಂಡಿದ್ದೋರು ನಿಮ್ಮಪ್ಪಾಜಿ ಕಣಣ್ಣ, ಈ ಹುಡುಗಿ ಅಲ್ಲ," ಎಂದಳು. ಆಮೇಲೆ ಅವಳಿಗೇ ನಾಚಿಕೆಯಾಯಿತು. "ಈ ವೈರು ಎಳೆದೋಳೂ ನಾನೇ. ಅಪ್ಪನ ಫೋನಲ್ಲಿ ಜೀವ ಇರ್ಲಿ ಅಂದ್ರಿ, ಎಳೆದೆ. ಆಗ್ಲೇ ಬೇಡ ಅನ್ಬೇಕಿತ್ತು."

ವೈರು ಬಿಚ್ಚಲು ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ವಿರೂಪಾಕ್ಷನೂ ತಡೆಯಲಿಲ್ಲ.

"ಆಯ್ತು, ನಾಳೆ ಬಾಮ್ಮ," ಎಂದ, ವನಿತಾಳ ಮುಖ ನೋಡದೆ.

ವನಿತಾ ಬ್ಯಾಗು ಹೆಗಲಿಗೇರಿಸಿದಳು. "ಬೇಡ ಅಂದಿದ್ದು ಡ್ರೈವರ್‌ಗಳೆಲ್ಲರ ಎದುರಿಗೆ ಸಾರ್. ಬಾ ಅನ್ನೋದನ್ನೂ ಅವರೆದುರಿಗೇ ಅನ್ನಿ."

ವಿರೂಪಾಕ್ಷ ಬಾಗಿಲಿಗೆ ಹೋಗಿ, "ಎಲ್ಲಾ ಬನ್ರೋ ಇಲ್ಲಿ," ಎಂದು ಕೂಗಿದ.