ಮಾವನ ಹೆಸರಿನ ಕಟ್ಟು

ಪುತ್ತೂರಿನ ವಕೀಲರೊಬ್ಬರ ಕಚೇರಿಯಲ್ಲಿ ಬ್ಯಾರಿ ಮುಸ್ಲಿಮನಾದ ಆದಂ ಕುಂಞಿ ಹತ್ತೊಂಬತ್ತು ವರ್ಷ ಕಾಗದಪತ್ರ ಜೋಡಿಸಿದ. ಮೊದಲು ಊರು, ಆಮೇಲೆ ಮನೆತನ, ಆಮೇಲೆ ವ್ಯಾಜ್ಯದ ಬಗೆ. ಅವನ ಕ್ರಮ ಇಷ್ಟೇ. ಆಸ್ತಿಗೆ ಕೆಂಪು ದಾರ, ಗೇಣಿಗೆ ಹಸಿರು. ಆಸ್ತಿ ಸೋದರಮಾವನಿಂದ ಅವನ ಅಕ್ಕತಂಗಿಯರ ಮಕ್ಕಳಿಗೆ ಇಳಿಯುವ ಅಳಿಯಸಂತಾನದವರ ಕಟ್ಟನ್ನು ತಾಯಿಮನೆಯ ಹೆಸರಿನಲ್ಲಿಡುತ್ತಿದ್ದ. ಕೇಳಿದ ಪತ್ರವನ್ನು ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದ. ಅದೇ ಅವನಿಗೆ ಮುಳುವಾಯಿತು.

೧೯೫೮ರಲ್ಲಿ ಸುಳ್ಯದ ಕಡೆಯ ಬೆಳ್ಯಪ್ಪ ಗುಮಾಸ್ತನಾಗಿ ಬಂದ. ಒಬ್ಬನಿಗೇ ಎಲ್ಲ ಗೊತ್ತಿರುವ ಕೋಣೆಯಲ್ಲಿ ಏನೋ ಮಸಲತ್ತು ಇದ್ದೇ ಇರುತ್ತದೆ ಎಂಬುದು ಈ ಮಹಾಶಯನ ನಂಬಿಕೆ. ಸಂಜೆ ಆದಂ ಹೊರಟಾಗ ಅವನ ಕೊಡೆ ಬಿಡಿಸಿ ನೋಡುತ್ತಿದ್ದ, ಬುತ್ತಿಯನ್ನೂ ಬಿಡಲಿಲ್ಲ. ಕೊನೆಗೆ ಒಂದೇ ವಾರದಲ್ಲಿ ಕಟ್ಟುಗಳನ್ನೆಲ್ಲ ಬಿಚ್ಚಿ, ತಂದೆಯ ಹೆಸರಿನ ಅಕ್ಷರ ಹಿಡಿದು ತಾನೇ ಜೋಡಿಸಿದ. ಆದಂ ಇನ್ನು ಕಾಗದದ ಕೋಣೆಯೊಳಗೆ ಕಾಲಿಡಕೂಡದು, ಹೊರಗಿನ ಕೆಲಸವಷ್ಟೇ ಎಂದಾಯಿತು.

ಹೀಗಿರುವಾಗ ಸವಣೂರಿನ ಸೇವಂತಿ ಬಂದಳು. ಸೋದರಮಾವ ದೇರಣ್ಣ ತೀರಿಕೊಂಡ ಮೇಲೆ ಅವನ ಮಕ್ಕಳು ಅವಳನ್ನು ಮನೆ ಬಿಡಿಸಲು ದಾವೆ ಹೂಡಿದ್ದರು. ಅವಳ ಪಾಲುಪಟ್ಟಿ ಮರುದಿನ ಕೋರ್ಟಿನಲ್ಲಿ ಬೇಕು. ಬೆಳ್ಯಪ್ಪ ಅವಳ ತಂದೆ ಸೀನನ ಹೆಸರಿನಲ್ಲಿ ಹುಡುಕಿದ. ಪತ್ರವೇ ಇಲ್ಲ!

“ಎದುರಿನವರಿಗೆ ಕೊಟ್ಟದ್ದಾ? ಸತ್ಯ ಹೇಳು ಮಾರಾಯ” ಎಂದು ಹೊರಗಿದ್ದ ಆದಂನನ್ನು ಕರೆದು ಕೇಳಿದ.

“ಹೌದಾ ಬ್ಯಾರಿಗಳೇ?” ಎಂದಳು ಸೇವಂತಿ. ಗುಮಾಸ್ತನ ಮಾತಿಗಿಂತ ಅವಳ ಆ ನೋಟ ಆದಂನನ್ನು ಹೆಚ್ಚು ಸುಟ್ಟಿತು.

ಆಗಿದ್ದೇನೆಂದು ಅವನಿಗೆ ಆಗಲೇ ಹೊಳೆದಿತ್ತು. ಆದರೆ ಪತ್ರ ಎಲ್ಲಿದೆ ಎಂದು ಹೇಳಿದರೆ ತಾನು ಕಳ್ಳ, ಸುಮ್ಮನಿದ್ದರೆ ಈ ಹೆಂಗಸು ಬೀದಿಗೆ. ಹೊಸ್ತಿಲಾಚೆಯೇ ಕೈಕಟ್ಟಿ ನಿಂತ.

“ದೇರಣ್ಣನ ಹೆಸರಲ್ಲಿ ನೋಡಿ ಗುಮಾಸ್ತರೇ. ಪತ್ರದ ತಲೆಯಲ್ಲಿ ಇರುದು ಯಜಮಾನನ ಹೆಸರು. ಅವ ಮಾವ. ನೀವು ಜೋಡಿಸುವಾಗ ಅಪ್ಪ ಅಂತ ತಿಳ್ಕೊಂಡಿರಬೇಕು.”

ಪತ್ರ ಅಲ್ಲೇ ಇತ್ತು. ತಪ್ಪಾಯಿತು ಎನ್ನಲು ಬೆಳ್ಯಪ್ಪನಿಗೆ ಒಂದು ಗಳಿಗೆ ಸಾಕಿತ್ತು. ಅವನ ಬಾಯಿಂದ ಬಂದದ್ದೇ ಬೇರೆ.

“ಒಳಗೆ ಬಾರದವನಿಗೆ ಇದು ಇಲ್ಲಿ ಉಂಟು ಅಂತ ಹೇಗೆ ಗೊತ್ತಾಯ್ತು? ನೀನೇ ಇಟ್ಟದ್ದು!”

ವಕೀಲರು ಕನ್ನಡಕ ಒರೆಸುತ್ತಾ ಕುಳಿತರು. ಸೇವಂತಿ ಪತ್ರವನ್ನು ಎದೆಗವುಚಿಕೊಂಡು, ಆದಂನ ಕಡೆ ತಿರುಗಿಯೂ ನೋಡದೆ ಹೋದಳು. ಅವಳ ಮನೆಯೇನೋ ಉಳಿದಂತಾಯಿತು.

ನಾಳೆಯಿಂದ ಬರಬೇಡ ಎಂದರು ವಕೀಲರು. ಆದಂ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡ. ಬಾಗಿಲ ಬಳಿ, ಯಾರೂ ಕೇಳುವ ಮೊದಲೇ, ತಾನೇ ಬಿಡಿಸಿ ತೋರಿಸಿದ. ಬೆಳ್ಯಪ್ಪ ಅದನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಕೊಡವಿ ನೋಡಿದ.