ಕೇಬಲ್ಲಿನ ಆಚೆ ತುದಿಯ ‘ಊಂ’

ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ದೆವ್ವದ ಕತೆ ಕೇಳಿದರೆ ನಗುವ ಜಾತಿಯವನು ನಾನು. ಮೀಟರಿನ ಮುಳ್ಳು ಹೇಳಿದ್ದನ್ನು ಮಾತ್ರ ನಂಬಿ ಇಡೀ ಜೀವಮಾನ ಅನ್ನ ತಿಂದಿದ್ದೇನೆ. ಆದರೆ ಆ ರಾತ್ರಿ ನನ್ನನ್ನು ಹೆದರಿಸಿದ್ದು ಅದೇ ಮುಳ್ಳು.

ಎಪ್ಪತ್ತರ ದಶಕದ ಕೊನೆಯ ಮಾತು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾವು ಸಿಗ್ನಲ್ ಜನರೇಟರ್ ತಯಾರಿಸುತ್ತಿದ್ದೆವು. ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಪೆಟ್ಟಿಗೆ ಅದು. ಫ್ರೀಕ್ವೆನ್ಸಿ ಎಷ್ಟೇ ಏರಿಸಿದರೂ ಸಿಗ್ನಲ್ಲಿನ ಮಟ್ಟ ಒಂದೇ ಸಮ ಇರಬೇಕು. ಇದೆಯೋ ಇಲ್ಲವೋ ಎಂದು ಅಳೆಯುವುದು ನನ್ನ ಕೆಲಸ. ಆ ಕೆಲಸವೂ ಇನ್ನೂ ಖಾಯಂ ಆಗಿರಲಿಲ್ಲ.

ಕೆಲಸ ಕಲಿಸಿದವರು ಲಗ್ಗೆರೆಯ ನಂಜಪ್ಪನವರು. ಮಾಸಲು ಖಾಕಿ ಕೋಟು, ಬೆರಳ ತುದಿಯಲ್ಲಿ ಸದಾ ನಶ್ಯ. ಅವರ ಮೊದಲ ಪಾಠ ಇದು: ಜನರೇಟರಿನೊಳಗಿನ ರೋಧ ಐವತ್ತು ಓಮ್, ಕೇಬಲ್ಲಿನದೂ ಐವತ್ತು. ಹಾಗಾಗಿ ಕೇಬಲ್ ಮೀಟರಿಗೆ ಸೇರುವ ತುದಿಯಲ್ಲೂ ಐವತ್ತು ಓಮಿನ ಒಂದು ಪುಟ್ಟ ಲೋಡ್, ಅಂದರೆ ಬಂದ ಸಿಗ್ನಲ್ಲನ್ನು ಹೀರಿಕೊಳ್ಳುವ ಬಿರಡೆ, ಸಿಕ್ಕಿಸಬೇಕು.

“ಕತೆ ಏಳೋನು ಇದ್ರೆ ಸಾಲ್ದು ಕಣಯ್ಯ, ಊಂ ಅನ್ನೋನೂ ಇರ್ಬೇಕು,” ಎನ್ನುತ್ತಿದ್ದರು ಅವರು. “ಆ ಕಡೆ ಊಂ ಅನ್ನೋರು ಇಲ್ದಿದ್ರೆ, ಕಳ್ಸಿದ್ದು ತಿರುಕ್ಕೊಂಡು ನಿನ್ ಮಖಕ್ಕೇ ಬತ್ತದೆ.”

ಅವರ ದೆಸೆಯಿಂದ ನಮ್ಮಲ್ಲಿ ಆ ಲೋಡಿಗೆ ‘ಊಂ’ ಎಂದೇ ಹೆಸರು ಬಿತ್ತು. ಅಳತೆ ಮಾಡುವಾಗ ನಾನು ಹೊರಗೆ ಗುಂಡಿ ತಿರುಗಿಸಿ ಒಂದು, ಐದು, ಹತ್ತು ಮೆಗಾಹರ್ಟ್ಸ್ ಎಂದು ಫ್ರೀಕ್ವೆನ್ಸಿ ಕೂಗುತ್ತಿದ್ದೆ. ಹೊರಗಿನ ರೇಡಿಯೋ ಅಲೆ ನುಗ್ಗದಂತೆ ಕಟ್ಟಿದ್ದ ತಂತಿಬಲೆಯ ಕೋಣೆಯೊಳಗೆ ಮೀಟರಿನ ಪಕ್ಕ ಕೂತ ಅವರು ಪ್ರತಿ ಸಲವೂ “ಊಂ” ಅನ್ನುತ್ತಿದ್ದರು.

ಒಂದು ದಿನ ಅವರಿಗೆ ಜ್ವರ. ನಾನೊಬ್ಬನೇ ಆರು ಪೆಟ್ಟಿಗೆ ಅಳೆದೆ. ಮುಳ್ಳು ಏರಿಳಿದಾಗಲೆಲ್ಲ ಪೆಟ್ಟಿಗೆಯೊಳಗಿನ ತಿರುಪು ತಿರುಗಿಸಿ ಸಮ ಮಾಡಿದೆ. ಲೋಡ್ ಹಾಕುವುದನ್ನೇ ಮರೆತಿದ್ದೇನೆ ಎಂದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಸಂಜೆ ನಂಜಪ್ಪನವರು ಕಂಬಳಿ ಹೊದ್ದು ಬಂದು ಬಾಗಿಲಲ್ಲೇ ನಿಂತು ಕೇಳಿದರು, “ಊಂ ಆಕಿದ್ಯೇನಯ್ಯ?”

ಮತ್ತೆ ಮೊದಲಿನಿಂದ ಮಾಡಲು ಮೈಗಳ್ಳತನ. “ಹ್ಞೂಂ ಸಾರ್,” ಅಂದುಬಿಟ್ಟೆ. ಅವರು ನಂಬಿ ಸಹಿ ಹಾಕಿದರು.

ಮಟ್ಟ ಸಮ ಇಲ್ಲವೆಂದು ಆರೂ ಪೆಟ್ಟಿಗೆ ಗಿರಾಕಿಗಳಿಂದ ವಾಪಸ್ ಬಂದವು. ಮಾಲೀಕರು ನನ್ನನ್ನು ಕರೆದು ಕೇಳಿದಾಗ, “ಸಹಿ ಅವರದ್ದಲ್ವಾ ಸಾರ್,” ಅಂದೆ. ನಂಜಪ್ಪನವರು ಅಂದೇ ಲೆಕ್ಕ ತೀರಿಸಿಕೊಂಡು ಕೆಲಸ ಬಿಟ್ಟು ಹೋದರು. ತಿಂಗಳು ತುಂಬುವುದರೊಳಗೆ ಲಗ್ಗೆರೆಯ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಅದಾದ ಮೇಲೆ ಇನ್ನೊಂದು ಪೆಟ್ಟಿಗೆ ಸಿದ್ಧವಾಯಿತು. “ಬೆಳಿಗ್ಗೆ ಇದು ಹೋಗ್ಬೇಕು ಕಣಪ್ಪ,” ಅಂದರು ಮಾಲೀಕರು. “ಇದೂ ವಾಪಸ್ ಬಂತು ಅಂದ್ರೆ ನೀನೂ ಬರೋದು ಬೇಡ.”

ಹಗಲು ಅಕ್ಕಪಕ್ಕದ ಲೇತುಗಳ ದೆಸೆಯಿಂದ ವೋಲ್ಟೇಜ್ ಕುಣಿಯುತ್ತಿತ್ತು. ಅದಕ್ಕೇ ರಾತ್ರಿ ಕೂತೆ, ಒಬ್ಬನೇ. ಹೊರಗೆ ಒಂದು ನಾಯಿಯ ಸದ್ದೂ ಇಲ್ಲ... ಟ್ರಾನ್ಸ್‌ಫಾರ್ಮರಿನ ಗುಂಯ್ ಒಂದೇ. ಲೋಡ್ ಹುಡುಕಿದರೆ, ಇಲ್ಲ. ಡ್ರಾಯರ್, ಕಪಾಟು, ಬೆಂಚಿನ ಕೆಳಗೆ, ಎಲ್ಲೂ ಇಲ್ಲ. ನಂಜಪ್ಪನವರು ಕೆಲಸ ಬಿಟ್ಟು ಹೋಗುವಾಗ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡದ್ದು ಆಗ ನೆನಪಾಯಿತು. ಇನ್ನೊಂದು ತರೋಣವೆಂದರೆ ಸ್ಟೋರ್ ರೂಮಿಗೆ ಬೀಗ. ಲೋಡ್ ಇಲ್ಲದಿದ್ದರೆ ಮೀಟರ್ ಎರಡರಷ್ಟು ತೋರಿಸುತ್ತದೆ, ಅರ್ಧ ಬರೆದುಕೊಂಡರಾಯಿತು ಎಂದು ಶುರು ಮಾಡಿದೆ.

ಮೀಟರಿನ ಮುಖ ಬಲೆಯಾಚೆಯಿಂದ ನನ್ನ ಕಡೆಗಿತ್ತು, ಪುಟ್ಟ ದೀಪದ ಬೆಳಕಿನಲ್ಲಿ. ಕೇಬಲ್ ಸೇರುವ ಬೆನ್ನು ಕತ್ತಲ ಕಡೆಗೆ.

“ಒಂದು,” ಅಂದೆ, ಅಭ್ಯಾಸಬಲ. ಮುಳ್ಳು ಎರಡರಷ್ಟು ತೋರಿಸಿತು. “ಐದು.” “ಹತ್ತು.” ಮುಳ್ಳು ಏರಿಳಿಯತೊಡಗಿತು. ಆರು ಪೆಟ್ಟಿಗೆ ಕೆಡಿಸಿದ್ದೂ ಇದೇ ಕುಣಿತ.

“ಹದಿನೈದು.”

ಮುಳ್ಳು ಸರಕ್ಕನೆ ಕೆಳಗಿಳಿಯಿತು. ಸರಿಯಾಗಿ ಎಲ್ಲಿರಬೇಕೋ ಅಲ್ಲಿ ನಿಂತಿತು... ಅಲುಗಲಿಲ್ಲ. ಆ ತುದಿಗೆ ಯಾರಾದರೂ ಲೋಡ್ ಸಿಕ್ಕಿಸದೆ ಅದು ಹಾಗೆ ನಿಲ್ಲುವುದಿಲ್ಲ.

ಒಳಗಿನಿಂದ, ಮೆಲ್ಲಗೆ...

“ಊಂ.”

ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಹಾಕಿದವನು ನಾನೇ. ನಶ್ಯದ ಘಾಟು ಬಂತು. ಓಡಿಹೋಗಬೇಕು ಅನಿಸಿತು, ಆದರೆ ಕೂಗುವುದನ್ನು ನಿಲ್ಲಿಸಿದರೆ ಏನಾಗುತ್ತದೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

“ಇಪ್ಪತ್ತು...”

“ಊಂ.”

“ಇಪ್ಪತ್ತೈದು...”

“ಊಂ.”

ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಕೂಗಿದೆ. ಒಂದರಿಂದ ಮೂವತ್ತರವರೆಗೆ ಪ್ರತಿಯೊಂದಕ್ಕೂ ಊಂ, ಪ್ರತಿಯೊಂದಕ್ಕೂ ಅದೇ ಅಳತೆ. ಅಷ್ಟು ಸಮನಾದ ಪೆಟ್ಟಿಗೆಯನ್ನು ನಾನು ಕಂಡೇ ಇರಲಿಲ್ಲ.

ಕೂಗಲು ಇನ್ನೇನೂ ಉಳಿದಿರಲಿಲ್ಲ. ಆದರೂ ಆಚೆ ಯಾರೋ ಕಾಯುತ್ತಿದ್ದಾರೆ ಎಂದು ಖಂಡಿತವಾಗಿ ಅನಿಸುತ್ತಿತ್ತು.

“ನಂಜಪ್ಪನೋರೆ,” ಅಂದೆ. ದನಿ ನನ್ನದೇ ಎಂದು ಅನಿಸಲಿಲ್ಲ. “ಆವತ್ತು ನಾನು ಊಂ ಹಾಕಿರ್ಲಿಲ್ಲ. ನಿಮ್ ಹತ್ರ ಸುಳ್ಳು ಹೇಳ್ದೆ. ತಪ್ಪು ನಂದು ಸಾರ್.”

ಕಾದೆ...

ಊಂ ಬರಲಿಲ್ಲ. ಮುಳ್ಳು ಮಾತ್ರ ಸರಕ್ಕನೆ ಮೇಲಕ್ಕೆ ಹಾರಿತು, ಆ ತುದಿಯ ಲೋಡನ್ನು ಯಾರೋ ಕಿತ್ತುಕೊಂಡ ಹಾಗೆ.

ಬೆಳಕು ಹರಿದ ಮೇಲೆ ಚಿಲಕ ತೆಗೆದು ನೋಡಿದೆ. ಕೇಬಲ್ಲಿನ ತುದಿಯಲ್ಲಿ ಲೋಡ್ ಇರಲಿಲ್ಲ. ಆ ಪೆಟ್ಟಿಗೆ ವಾಪಸ್ ಬರಲೇ ಇಲ್ಲ, ನನ್ನ ಕೆಲಸ ಖಾಯಂ ಆಯಿತು. ಮಾಲೀಕರಿಗೆ ನಿಜ ಹೇಳಿದೆನೇ ಎಂದು ಕೇಳಬೇಡಿ. ಹೇಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ.

ಈಗ ಮೊಮ್ಮಗಳು ಪಕ್ಕದಲ್ಲಿ ಮಲಗಿ ಕತೆ ಕೇಳುತ್ತಾಳೆ, ಹ್ಞೂಂಗುಟ್ಟುತ್ತಾ ಹಾಗೆಯೇ ನಿದ್ದೆ ಹೋಗುತ್ತಾಳೆ. ಅವಳ ದನಿ ನಿಂತ ತಕ್ಷಣ ನಾನೂ ಬಾಯಿ ಮುಚ್ಚುತ್ತೇನೆ. ಕತ್ತಲಲ್ಲಿ ಇನ್ನೊಂದು ಮಾತು ಆಡಿದರೆ ಊಂ ಬಂದುಬಿಟ್ಟರೆ... ಇಲ್ಲಾ, ಈ ಸಲವೂ ಬಾರದೇ ಹೋದರೆ... ಯಾವುದಕ್ಕೆ ಹೆಚ್ಚು ಹೆದರಿದ್ದೇನೆ ಎಂದು ನನಗೇ ಗೊತ್ತಿಲ್ಲ.