ಬಾವಿಯ ಅಂಚಿನಲ್ಲಿ ಪಿ.ಟಿ. ಮೇಡಂ

ನಮ್ಮ ಪಿ.ಟಿ. ಮೇಡಂ ಅವರ ಬಲ ದವಡೆಯ ಕೆಳಗೆ, ಕತ್ತಿನ ಮೇಲೆ, ರೂಪಾಯಿಯಗಲದ ಕಪ್ಪು ಕಲೆಯಿತ್ತು. ವರ್ಷಗಟ್ಟಲೆ ಕಬ್ಬಿಣದ ಗುಂಡನ್ನು ಅಲ್ಲಿಗೇ ಒತ್ತಿ ಎಸೆದೆಸೆದು ಚರ್ಮ ಜಡ್ಡುಗಟ್ಟಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ತುರುವೇಕೆರೆ ಕಡೆಯ ನಮ್ಮ ಹೈಸ್ಕೂಲಿಗೆ ಅವರು ಬಂದಾಗ ಹುಡುಗಿಯರು ಮೊದಲು ನೋಡಿದ್ದು ಆ ಕಲೆಯನ್ನು, ಆಮೇಲೆ ಹೆದರಿದ್ದು ಅವರ ಬಾಯಿಗೆ.

ಗುಂಡು ಎಸೆಯುವಾಗ ಅವರು ಬೈಯುತ್ತಿದ್ದರು. "ಹೋಗಲೇ ಮುಂಡೇಮಗನೇ" ಎಂದು ಕೂಗಿದರೆಂದರೆ ಗುಂಡು ಸುಣ್ಣದ ಗೆರೆಗಳನ್ನೆಲ್ಲ ದಾಟಿ ಬೀಳುತ್ತಿತ್ತು. ನಮ್ಮ ಕೈಲೂ ಬೈಸುತ್ತಿದ್ದರು. "ಬಾಯಿ ಮುಚ್ಕೊಂಡು ಎಸೆದ್ರೆ ಅರ್ಧ ಶಕ್ತಿ ಹೊಟ್ಟೇಲೇ ಉಳೀತದೆ ಕಣೇ" ಎನ್ನುತ್ತಿದ್ದರು. ಆದರೆ ಬೈಯುವುದು ಗುಂಡಿಗೆ ಮಾತ್ರ, ಮನುಷ್ಯರಿಗಲ್ಲ. ಕಬಡ್ಡಿಯಲ್ಲಿ ಗೆಳತಿಗೆ ಬೈದವಳೊಬ್ಬಳನ್ನು ಇಡೀ ವಾರ ಆಟದಿಂದ ಹೊರಗೆ ಕೂರಿಸಿದ್ದರು.

ನನಗೆ ಬೈಯಲು ಬಾಯೇ ಬರುತ್ತಿರಲಿಲ್ಲ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ, ಎರಡು ಹೊತ್ತೂ ಲಿಂಗಪೂಜೆ. ಅಪ್ಪನ ಕಿವಿಗೆ ಬಿದ್ದರೆ ಸ್ಕೂಲು ಬಿಡಿಸಿಯಾರೆಂಬ ಹೆದರಿಕೆ. ತುಟಿ ಕಚ್ಚಿಕೊಂಡು ಎಸೆಯುತ್ತಿದ್ದೆ, ಗುಂಡು ಹತ್ತಿರದಲ್ಲೇ ದೊಪ್ಪನೆ ಬೀಳುತ್ತಿತ್ತು.

ತಾಲ್ಲೂಕು ಕ್ರೀಡಾಕೂಟ ಹತ್ತಿರವಾದಾಗ ಒಂದು ಸಂಜೆ ಗುಂಡು ಮೈದಾನದ ಇಳಿಜಾರಿನಲ್ಲಿ ಉರುಳಿ ಪಕ್ಕದ ತೋಟಕ್ಕೆ ಹೋಯಿತು. ಅಲ್ಲೊಂದು ಬತ್ತಿದ ಹಾಳುಬಾವಿ, ಸುತ್ತ ಕಟ್ಟೆಯಿರಲಿಲ್ಲ. ನಮ್ಮನ್ನು ತಡೆದು ಮೇಡಂ ತಾವೇ ಹೋದರು. ಸಹಾಯಕ್ಕೆಂದು ನಾನು ಹಿಂದೆಯೇ ಹೋದೆ. ಬಾವಿಯಂಚಿಗೆ ನಿಂತಿದ್ದ ಗುಂಡನ್ನೆತ್ತಲು ಅವರು ಬಗ್ಗಿದ್ದೇ ತಡ, ಕಾಲ ಕೆಳಗಿನ ಅಂಚು ಕುಸಿಯಿತು.

ನಾನು ಬೋರಲು ಬಿದ್ದು ಅವರ ಮುಂಗೈ ಹಿಡಿದೆ. ನನ್ನ ಒಂದು ಕಾಲು ಅದು ಹೇಗೋ ತೆಂಗಿನ ಬುಡಕ್ಕೆ ಸಿಕ್ಕಿಕೊಂಡಿತು. ಅವರು ಇನ್ನೊಂದು ಕೈಲಿ ಗೋಡೆಯ ಬೇರು ಹಿಡಿದಿದ್ದರು. ಉದುರಿದ ಕಲ್ಲು ತಳ ಮುಟ್ಟಿದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು. ಹುಡುಗಿಯರು ಕಿರುಚುತ್ತ ಹಗ್ಗಕ್ಕೆ ಓಡಿದರು.

"ಬುಡು" ಎಂದರು ಮೇಡಂ. "ನೀನೂ ಬೀಳ್ತೀಯ. ಬುಟ್ಬುಡು."

ನಾನು ಬಿಡಲಿಲ್ಲ. ಬೆವರಿಗೆ ಕೈ ಜಾರುತ್ತಿತ್ತು, ಎದೆಯ ಕೆಳಗಿನ ಮಣ್ಣು ಸಣ್ಣಗೆ ಸರಿಯುತ್ತಿತ್ತು. ಅವರು ನನ್ನ ಮುಖ ನೋಡಿದರು.

"ಬುಡಾಕಿಲ್ವಾ? ಹಂಗಾರೆ ಬೈಯಿ. ಈ ಬಾವಿಗೆ ಬೈಯಿ."

"ಬರಲ್ಲ ಮೇಡಂ."

"ಬತ್ತದೆ. ಬೋಳಿಮಗನೇ ಅನ್ನು."

ಅಂದೆ. ಮೊದಲು ಬರೀ ಉಸಿರಿನಲ್ಲಿ, ಆಮೇಲೆ ಗಂಟಲು ಹರಿಯುವಂತೆ. ಸಂತೆಯಲ್ಲಿ, ಬಸ್ಸಿನಲ್ಲಿ ಕೇಳಿ ಕಿವಿ ಮುಚ್ಚಿಕೊಂಡಿದ್ದ ಬೈಗುಳಗಳೆಲ್ಲ ಹೊರಬಂದವು. ಸಡಿಲವಾಗುತ್ತಿದ್ದ ಬೆರಳುಗಳು ಮತ್ತೆ ಬಿಗಿದವು. ಕೆಳಗಿನಿಂದ ಅವರೂ ಬೈಯುತ್ತಿದ್ದರು. ಭಯವೇನೂ ಕಡಿಮೆಯಾಗಲಿಲ್ಲ, ಉಚ್ಚೆ ಹೋಗಿದ್ದೂ ಗೊತ್ತಾಗಿರಲಿಲ್ಲ. ಕೈ ಮಾತ್ರ ಗಟ್ಟಿಯಾಗಿತ್ತು.

ತೋಟದ ಆಳುಗಳು ಹಗ್ಗ ಇಳಿಬಿಟ್ಟು ಎಳೆದುಕೊಂಡರು. ಮೇಲೆ ಬಂದ ಮೇಡಂ ಮಣ್ಣಿನಲ್ಲೇ ಕೂತು ನನ್ನ ಭುಜ ಮುಟ್ಟಿ ಮುಟ್ಟಿ ನೋಡಿದರು. "ನಿನ್ನೂ ಎಳ್ಕೊಂಡು ಹೋಗ್ತೀನೇನೋ ಅಂತ ಜೀವ ಹೋಗಿತ್ತು ಕಣೇ" ಎಂದರು.

ನನ್ನ ಬೈಗುಳದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಹೆದರುತ್ತಲೇ ಹೊಸಿಲು ದಾಟಿದೆ. ಅಪ್ಪ ಸ್ಕೂಲು ಬಿಡಿಸಲಿಲ್ಲ. ಮರುದಿನ ಆಳುಗಳನ್ನು ಕರೆದುಕೊಂಡು ಹೋಗಿ ಆ ಬಾವಿಗೆ ಮುಳ್ಳುಬೇಲಿ ಹಾಕಿಸಿದರು.

ನಾನು ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ಮೇಡಂ ಎದೆನೋವಿನಿಂದ ತೀರಿಕೊಂಡರು. ಸಿಕ್ಕ ಬಸ್ಸು ಹತ್ತಿ ದಂಡಿನಶಿವರದ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದ ಅವರ ತಾಯಿಗೆ ಯಾರೋ ನಾನು ಯಾರೆಂದು ಹೇಳಿದರು. ಬಾವಿಯಲ್ಲಿ ಮೇಡಂ ಮೊದಲು ಆಡಿದ ಮಾತನ್ನು ನಾನು ಅವರಿಗೆ ಹೇಳಿದೆ.

"ಬುಡು ಅಂದ್ಲಾ? ನನಗೆ ಹೇಳ್ಲೇ ಇಲ್ಲ ಕಣವ್ವ" ಎಂದಿತು ಆ ಜೀವ. ಮಗಳನ್ನು ಎತ್ತುವವರೆಗೂ ನನ್ನ ಮುಂಗೈ ಹಿಡಿದುಕೊಂಡೇ ಕೂತಿತ್ತು.